ಶಾರೀರಚಿತ್ರ ಮತ್ತು ಸ್ವಭಾವೋಕ್ತಿ

ಶಾಸ್ತ್ರಗ್ರಂಥಗಳಲ್ಲಿ ಬರುವ ಚಿತ್ರಗಳನ್ನು ವಿಮರ್ಶೆಗೆ ತಕ್ಕ ವಿಷಯವೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ಕಾವ್ಯವನ್ನು ಓದುವಾಗ ಒಂದೊಂದು ಶಬ್ದವನ್ನೂ ಒರೆಗೆ ಹಚ್ಚುವ ವಿದ್ವಾಂಸರು ವೈದ್ಯಗ್ರಂಥದ ಚಿತ್ರವನ್ನು ಕಂಡರೆ, ಇದು ಕಣ್ಣಿಗೆ ಸಹಾಯವಾಗಲೆಂದು ಸೇರಿಸಿದ ಪ್ರತಿಬಿಂಬ, ಇದರಲ್ಲಿ ವಿಚಾರಮಾಡತಕ್ಕುದೇನೂ ಇಲ್ಲವೆಂದು ಪುಟವನ್ನು ಮಗುಚುವರು. ಈ ಭಾವನೆ ಸರಿಯಲ್ಲವೆಂದು ನನಗೆ ತೋರುತ್ತದೆ. ಶಾರೀರಚಿತ್ರವು ಕನ್ನಡಿಯೊಳಗಣ ಬಿಂಬವಲ್ಲ; ಅದೊಂದು ಉಕ್ತಿ. ಉಕ್ತಿಯಾದುದರಿಂದಲೇ ಅದಕ್ಕೆ ಗುಣದೋಷಗಳುಂಟು, ಕರ್ತೃವುಂಟು, ಹೊಣೆಯೂ ಉಂಟು. ಯುರೋಪಿನ ಕೆಲವು ಪ್ರಸಿದ್ಧ ಶಾರೀರಗ್ರಂಥಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಂತಹ ಪರಿಶೀಲನೆಗೆ ಬೇಕಾದ ಪರಿಭಾಷೆ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ. ವಸ್ತುವನ್ನು ಇದ್ದಂತೆ ಕಾಣಿಸುವ ಮಾತಿಗೆ ದಂಡಿಯು ಸ್ವಭಾವೋಕ್ತಿಯೆಂದೂ ಜಾತಿಯೆಂದೂ ಹೆಸರಿಟ್ಟು, ಅರ್ಥಾಲಂಕಾರಗಳ ಮೊದಲಿನಲ್ಲಿಯೇ ಅದಕ್ಕೆ ಸ್ಥಾನವನ್ನು ಕೊಟ್ಟಿರುವನು. ಶಾಸ್ತ್ರಗಳಲ್ಲಿ ಆಳುವುದು ಇದೇ, ಕಾವ್ಯದಲ್ಲಿಯೂ ಇದು ಇಷ್ಟವಾದುದೇ ಎಂಬುದು ಅವನ ಮತ. ಕುಂತಕನು ಇದನ್ನು ಒಪ್ಪಲಿಲ್ಲ. ಸ್ವಭಾವವೆಂಬುದು ಅಲಂಕರಿಸಲ್ಪಡಬೇಕಾದ ಶರೀರ. ಆ ಶರೀರವೇ ತನಗೆ ತಾನು ಅಲಂಕಾರವಾಗುವುದೆಂತು ಎಂಬುದು ಅವನ ಆಕ್ಷೇಪ. ಕಾವ್ಯವನ್ನು ಕುರಿತು ಹುಟ್ಟಿದ ಈ ವಿವಾದವೇ ಶಾರೀರಚಿತ್ರದ ವಿಷಯದಲ್ಲಿಯೂ ಮತ್ತೆ ತಲೆದೋರುವುದು. ಇದ್ದುದನ್ನು ಇದ್ದಂತೆ ಬರೆಯುವುದೆಂದರೇನು? ಹಾಗೆ ಬರೆಯುವಾಗ ಬರೆಯುವವನು ಏನನ್ನು ಸೇರಿಸುವನು, ಏನನ್ನು ಬಿಡುವನು?

೧

ಚಿತ್ರವಿಲ್ಲದೆಯೂ ವೈದ್ಯವಿದ್ಯೆಯು ಬಹುಕಾಲ ಬಾಳಿತೆಂಬುದನ್ನು ಮೊದಲು ನೆನೆಯಬೇಕು. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಇವು ನಮ್ಮ ಭಾಷೆಯಲ್ಲಿ ವೈದ್ಯವು ಶಬ್ದವನ್ನೇ ನಂಬಿ ನಡೆದುದಕ್ಕೆ ಸಾಕ್ಷಿಗಳು. ಇದಕ್ಕೆ ಕಾರಣ ಕಣ್ಣಿನ ವಿಷಯದಲ್ಲಿ ಅನಾದರವಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿಗಳ ಕಾಲ ಕೊಳೆಯಿಸಿ, ಆಮೇಲೆ ಲಾವಂಚ, ಕೂದಲು, ಬಿದಿರು ಮೊದಲಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮ ಮೊದಲ್ಗೊಂಡು ಒಳಗಣ ಅಂಗಗಳನ್ನೆಲ್ಲ ಕಣ್ಣಿನಿಂದಲೇ ನೋಡಬೇಕೆಂದು ವಿಧಿಸಿದೆ. ಪ್ರತ್ಯಕ್ಷದಿಂದ ಕಂಡುದೂ ಶಾಸ್ತ್ರದಿಂದ ತಿಳಿದುದೂ ಎರಡೂ ಕೂಡಿದಲ್ಲಿಯೇ ಜ್ಞಾನವು ಬೆಳೆಯುವುದೆಂಬುದು ಅಲ್ಲಿಯ ಸಿದ್ಧಾಂತ. ಆದರೆ ಹಾಗೆ ಕಂಡುದನ್ನು ಮುಂದಿನವರಿಗೆ ಕೊಡಬೇಕಾದಾಗ ಶ್ಲೋಕವೂ ಸಂಖ್ಯೆಯೂ ಸಾಧನಗಳಾದುವು. ಎಲುಬುಗಳು ಮುನ್ನೂರೆಂದು ಸುಶ್ರುತನೂ ಮುನ್ನೂರರುವತ್ತೆಂದು ಚರಕನೂ ಎಣಿಸಿದರು. ಆ ಎಣಿಕೆ ಕಂಠಸ್ಥವಾಗಿ ಉಳಿಯಿತು. ಅವರು ಯಾವುದನ್ನು ಒಂದೆಂದು ಎಣಿಸಿದರು, ಯಾವುದನ್ನು ಎರಡೆಂದರು ಎಂಬುದು ಮಾತ್ರ ವಿವಾದಕ್ಕೆ ಉಳಿಯಿತು. ಸಂಖ್ಯೆಯು ಉಳಿಸಿಕೊಡುವುದೂ ಕಳೆದುಬಿಡುವುದೂ ಏನೆಂಬುದಕ್ಕೆ ಇದೇ ಉದಾಹರಣೆ.

ಚಿತ್ರವನ್ನೇ ಬರೆದು ಕೊಡಬಾರದಾಗಿತ್ತೆ ಎಂದು ಕೇಳಬಹುದು. ಹಸ್ತಪ್ರತಿಗಳೊಡನೆ ಬಳಕೆಯುಳ್ಳವರಿಗೆ ಉತ್ತರವು ತಾನೇ ಹೊಳೆಯುವುದು. ಛಂದಸ್ಸಿನಲ್ಲಿ ಕಟ್ಟಿದ ಮಾತು ಲಿಪಿಕಾರನ ಕೈಯಲ್ಲಿ ಕೆಟ್ಟರೂ, ಗಣವೂ ಪ್ರಾಸವೂ ಆ ಕೇಡನ್ನು ತೋರಿಸಿಕೊಡುತ್ತವೆ. ರೇಖೆಗೆ ಅಂತಹ ಕಾವಲಿಲ್ಲ. ಒಬ್ಬನು ಬರೆದುದನ್ನು ನೋಡಿ ಮತ್ತೊಬ್ಬನು, ಅದನ್ನು ನೋಡಿ ಮೂರನೆಯವನು ಬರೆಯುತ್ತ ಹೋದರೆ, ನಾಲ್ಕಾರು ಪ್ರತಿಗಳೊಳಗೆ ಎಲೆಯು ಹೂವಾಗುವುದು. ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ, ಗಿಡಮೂಲಿಕೆಗಳ ಚಿತ್ರಗಳು ಪ್ರತಿಕಾರರ ಕೈಯಲ್ಲಿ ವಿಕಾರಗೊಳ್ಳುವುವೆಂದು ದೂರಿರುವನು. ಇನ್ನು ಲಿಯೊನಾರ್ಡೊ ಡ ವಿಂಚಿಯ ಗತಿಯನ್ನು ನೋಡಿರಿ. ಮೂವತ್ತರಷ್ಟು ಶವಗಳನ್ನು ಕೊಯ್ದು ನೋಡಿದೆನೆಂದು ಅವನೇ ಹೇಳಿಕೊಂಡಿರುವನು. ಅವನ ಶಾರೀರಚಿತ್ರಗಳಿಗೆ ಸಮನಾದುವು ಆ ಕಾಲದಲ್ಲಿ ಇರಲಿಲ್ಲ. ಆದರೆ ೧೫೧೯ರಲ್ಲಿ ಅವನು ತೀರಿಕೊಂಡಾಗ ಅವು ಅಚ್ಚಾಗದೆ ಉಳಿದುವು. ಮುಂದಣ ಶಾರೀರಶಾಸ್ತ್ರದ ಬೆಳೆವಣಿಗೆಯಲ್ಲಿ ಅವಕ್ಕೆ ದೊರೆಯಬೇಕಾಗಿದ್ದ ಪಾಲು ದೊರೆಯಲಿಲ್ಲ. ಒಂದೇ ಪ್ರತಿಯಾಗಿ ಪೆಟ್ಟಿಗೆಯಲ್ಲಿರುವ ಚಿತ್ರವು ಎಷ್ಟೇ ಸತ್ಯವಾಗಿರಲಿ, ಶಾಸ್ತ್ರಕ್ಕೆ ಅದು ಆಡದ ಮಾತು. ಒಂದೇ ರೇಖೆಯನ್ನು ನೂರಾರು ಹಾಳೆಗಳ ಮೇಲೆ ಬದಲಿಲ್ಲದೆ ಒತ್ತುವ ಅಚ್ಚಿನ ವಿದ್ಯೆ ಕೈಗೂಡಿದ ಮೇಲೆಯೇ ಚಿತ್ರಕ್ಕೆ ಶ್ಲೋಕದಂತಹ ಸ್ಥಿರತೆಯು ಬಂದಿತು.

೨

ಆ ಸ್ಥಿರತೆಯ ಫಲವಾಗಿ ಹೊರಬಂದ ಮಹಾಗ್ರಂಥವೆಂದರೆ ಆಂಡ್ರಿಯಾಸ್ ವೆಸೇಲಿಯಸ್ಸನ ‘ಮಾನವಶರೀರದ ರಚನೆ’. ಏಳು ಕಾಂಡಗಳ ಈ ಲ್ಯಾಟಿನ್ ಗ್ರಂಥವು ೧೫೪೩ರಲ್ಲಿ ಬಾಸೆಲ್ ನಗರದ ಒಪೊರಿನಸ್ಸನ ಮುದ್ರಣಾಲಯದಲ್ಲಿ ಅಚ್ಚಾಯಿತು. ಗ್ರಂಥಕರ್ತನಿಗೆ ಆಗ ಇಪ್ಪತ್ತೆಂಟು ವರ್ಷ. ಚಿತ್ರಗಳಿಗಾಗಿ ಕೆತ್ತಿದ ಮರದ ಹಲಗೆಗಳನ್ನು ಇಟಲಿಯಿಂದ ಆಲ್ಪ್ಸ್ ಪರ್ವತಗಳನ್ನು ದಾಟಿಸಿ ಬಾಸೆಲ್ಲಿಗೆ ಸಾಗಿಸಿದರು. ಇದನ್ನು ಹೊಗಳುವವರೆಲ್ಲರೂ, ವೆಸೇಲಿಯಸ್ಸನು ಗೇಲನ್ನನ ಗ್ರಂಥವನ್ನು ಬಿಟ್ಟು ಶರೀರವನ್ನೇ ನೋಡಿದನು, ನೋಡಿದುದನ್ನು ಬರೆಸಿದನು ಎಂದು ಹೇಳುವರು. ಮಾತು ನಿಜ. ಆದರೆ ಅವನು ಅದಕ್ಕೆ ಐದು ವರ್ಷ ಮೊದಲು ಏನನ್ನು ನೋಡಿದನೆಂಬುದನ್ನು ವಿಚಾರಿಸಿದರೆ ಹೆಚ್ಚು ಸ್ವಾರಸ್ಯವಾದ ಸಂಗತಿ ದೊರೆಯುವುದು.

೧೫೩೮ರಲ್ಲಿ ಅವನು ವೆನಿಸ್ಸಿನಲ್ಲಿ ಆರು ದೊಡ್ಡ ಚಿತ್ರಪಟಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಯಕೃತ್ತಿಗೆ ಐದು ಹಾಲೆಗಳಿವೆ. ಮಿದುಳಿನ ಬುಡದಲ್ಲಿ ‘ಅದ್ಭುತ ಜಾಲ’ವೆಂದು ಹೆಸರಾದ ರಕ್ತನಾಳಗಳ ಬಲೆಯೂ ಇದೆ. ಐದು ಹಾಲೆಗಳ ಯಕೃತ್ತು ಮನುಷ್ಯನದಲ್ಲ. ಆ ಬಲೆಯಾದರೂ ಕುರಿ ಎತ್ತು ಮೊದಲಾದ ಪ್ರಾಣಿಗಳಲ್ಲಿ ಇರುವುದೇ ಹೊರತು ಮನುಷ್ಯರಲ್ಲಿಲ್ಲ. ಅವೆರಡೂ ಇರುವುದಾಗಿ ಹೇಳಿದವನು ಪ್ರಾಣಿಗಳನ್ನು ಕೊಯ್ದು ನೋಡಿದ ಗೇಲನ್ನನು. ಅಂದಮೇಲೆ, ಮನುಷ್ಯಶವವನ್ನು ಕೈಯಾರೆ ಕೊಯ್ದ ಮಹಾಶಾರೀರಜ್ಞನೇ ಕಣ್ಣೆದುರಿಗಿದ್ದುದನ್ನು ಬಿಟ್ಟು ಗ್ರಂಥದಲ್ಲಿದ್ದುದನ್ನು ಚಿತ್ರಿಸಿದಂತಾಯಿತು. ೧೫೪೩ರ ಗ್ರಂಥದಲ್ಲಿ ಅವನು ಆ ಬಲೆಯನ್ನು ನಿರಾಕರಿಸಿರುವನು. ಮಾತ್ರವಲ್ಲ, ಅದನ್ನು ತೋರಿಸಲು ಮನುಷ್ಯಶಿರಸ್ಸಿನ ಬಳಿಯಲ್ಲಿ ಕುರಿಯ ತಲೆಯನ್ನೋ ಎತ್ತಿನ ತಲೆಯನ್ನೋ ಸಿದ್ಧವಾಗಿಟ್ಟುಕೊಳ್ಳುತ್ತಿದ್ದುದನ್ನು ನಾಚಿಕೆಯೊಡನೆ ಒಪ್ಪಿಕೊಂಡಿರುವನು.

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ದೋಷವು ಹೊಸದಲ್ಲ. ಲಿಪಿಕಾರನು ಮುಂದಿರುವ ಓಲೆಯ ಅಕ್ಷರವನ್ನು ನೋಡಿಯೂ ಮನಸ್ಸಿನಲ್ಲಿ ಮೊದಲೇ ನಿಂತ ಪಾಠವನ್ನು ಬರೆದುಬಿಡುವುದುಂಟು. ತಾನು ತಿದ್ದಿದೆನೆಂಬ ಅರಿವು ಅವನಿಗಿರುವುದಿಲ್ಲ. ಶಾರೀರಚಿತ್ರಕಾರನೂ ಅಂತಹ ಲಿಪಿಕಾರನೇ, ಶರೀರವು ಅವನ ಮೂಲಪ್ರತಿ. ಆದುದರಿಂದ ಒಂದು ಚಿತ್ರವು ನಮಗೆ ಕೊಡುವುದು ಶರೀರದ ಒಂದು ಪಾಠವನ್ನು, ಶರೀರವನ್ನೇ ಅಲ್ಲ. ೧೫೩೮ರ ಪಟವೂ ೧೫೪೩ರ ಗ್ರಂಥವೂ ಒಬ್ಬನೇ ಕೊಟ್ಟ ಪಾಠಾಂತರಗಳು. ಎರಡನೆಯದರ ಹಿರಿಮೆಯು ಅದರ ರೇಖೆಗಳ ಚೆಲುವಿಗಿಂತಲೂ ಹೆಚ್ಚಾಗಿ, ತನ್ನ ಹಿಂದಿನ ಪಾಠವು ತಪ್ಪೆಂದು ಒಪ್ಪುವ ಧೈರ್ಯದಲ್ಲಿದೆ. ಪ್ಯಾರಿಸ್ಸಿನಲ್ಲಿ ಅವನಿಗೆ ಗುರುವಾಗಿದ್ದ ಸಿಲ್ವಿಯಸ್ಸನಿಗೆ ಈ ಧೈರ್ಯವಿರಲಿಲ್ಲ. ಗೇಲನ್ನನ ಮಾತಿಗೂ ಶವಕ್ಕೂ ಹೊಂದಿಕೆಯಾಗದಿದ್ದಾಗ, ಗೇಲನ್ನನ ಕಾಲದಿಂದೀಚೆಗೆ ಮನುಷ್ಯಶರೀರವೇ ಬದಲಾಗಿರಬೇಕೆಂದು ಅವನು ವಾದಿಸಿದನು!

ಇನ್ನು ಆ ಚಿತ್ರಗಳ ರೀತಿಯನ್ನು ಕುರಿತು ಒಂದು ಮಾತು. ವೆಸೇಲಿಯಸ್ಸನ ಸ್ನಾಯುಪುರುಷರು ಶವಗಳಂತೆ ಮಲಗಿಲ್ಲ. ಚರ್ಮವನ್ನು ಕಳಚಿಕೊಂಡು ಬಯಲಿನಲ್ಲಿ ನಿಂತಿದ್ದಾರೆ. ಪುಟದಿಂದ ಪುಟಕ್ಕೆ ಒಂದೊಂದು ಪದರವೂ ಜಾರಿ, ಕಡೆಗೆ ನಿಲ್ಲುವ ಶಕ್ತಿಯೂ ಉಡುಗಿ, ಹಗ್ಗದಿಂದ ತೂಗುಬೀಳುವ ದೇಹವು ಕಾಣುವುದು. ಹಿನ್ನೆಲೆಯಲ್ಲಿ ಹೊಳೆ, ಸೇತುವೆ, ಹಾಳುಗೋಡೆಗಳು. ಕೆಲವು ಫಲಕಗಳನ್ನು ಸಾಲಾಗಿ ಜೋಡಿಸಿದರೆ ಈ ಹಿನ್ನೆಲೆಯೆಲ್ಲ ಒಂದೇ ಪ್ರದೇಶವಾಗಿ ಕೂಡಿಕೊಳ್ಳುವುದು. ಇದು ಶಾಸ್ತ್ರಕ್ಕೆ ಅನಾವಶ್ಯಕವೆಂದು ತೋರಬಹುದು. ಆದರೆ ಸ್ನಾಯುವೆಂಬುದು ಚಲನೆಯ ಸಾಧನ. ಚಲಿಸುವ ದೇಹದಲ್ಲಿ ಅದನ್ನು ಕಾಣಿಸಿದಾಗಲೇ ಅದರ ಸ್ವಭಾವವು ಹೇಳಲ್ಪಡುವುದು. ಮೇಜಿನ ಮೇಲೆ ಸಡಿಲಿಬಿದ್ದ ಮಾಂಸದಲ್ಲಿ ಆ ಸ್ವಭಾವವಿಲ್ಲ. ದಂಡಿಯು ಸ್ವಭಾವೋಕ್ತಿಯ ಪ್ರಭೇದಗಳಲ್ಲಿ ಕ್ರಿಯೆಯನ್ನೂ ಸೇರಿಸಿರುವುದನ್ನು ಇಲ್ಲಿ ನೆನೆಯಬಹುದು. ಇಷ್ಟೆಲ್ಲ ಮಾಡಿದ ಚಿತ್ರಕಾರನ ಹೆಸರು ಮಾತ್ರ ಗ್ರಂಥದಲ್ಲೆಲ್ಲಿಯೂ ಇಲ್ಲ. ಕಾಲ್ಕರಿನ ಯಾನ್ ಎಂಬವನೆಂದು ವಸಾರಿಯು ಬರೆದಿರುವನು. ಆ ವಿವಾದವು ಇಂದಿಗೂ ಮುಗಿದಿಲ್ಲ. ಆ ಹಲಗೆಗಳಾದರೋ ನಾನೂರು ವರ್ಷಗಳ ಕಾಲ ಉಳಿದಿದ್ದು, ಎರಡನೆಯ ಮಹಾಯುದ್ಧದಲ್ಲಿ ಮ್ಯೂನಿಕ್ ನಗರದ ಮೇಲೆ ಬಿದ್ದ ಬಾಂಬುಗಳಿಗೆ ಆಹುತಿಯಾದುವು.

೩

ಹದಿನೆಂಟನೆಯ ಶತಮಾನದಲ್ಲಿ ಈ ಕಲೆಯು ಎರಡು ದಾರಿಗಳಾಗಿ ಒಡೆಯಿತು. ಲೈಡನ್ನಿನ ಆಲ್ಬಿನಸ್ಸನು ೧೭೪೭ರಲ್ಲಿ ಅಸ್ಥಿಪಂಜರ ಮತ್ತು ಸ್ನಾಯುಗಳ ಫಲಕಗಳನ್ನು ಪ್ರಕಟಿಸಿದನು. ಬರೆದವನು ಯಾನ್ ವಾಂಡೆಲಾರ್. ಅಳತೆಯು ಕಿಂಚಿತ್ತೂ ತಪ್ಪಬಾರದೆಂದು ಅಸ್ಥಿಪಂಜರದ ಮುಂದೆ ಚೌಕುಳಿಯ ಬಲೆಗಳನ್ನು ನಿಲ್ಲಿಸಿ, ಅವುಗಳ ಮೂಲಕ ನೋಡಿ ಬರೆಯುತ್ತಿದ್ದರು. ಹೀಗಿದ್ದೂ ಆಲ್ಬಿನಸ್ಸನು ಬಯಸಿದುದು ಮುಂದೆ ನಿಂತಿದ್ದ ಒಂದು ಅಸ್ಥಿಪಂಜರವನ್ನಲ್ಲ. ಕುಂದಿಲ್ಲದ, ಆದರ್ಶರೂಪವಾದ ಮನುಷ್ಯನನ್ನು ಅವನು ಬಯಸಿದನು. ಮಾದರಿಯಲ್ಲಿ ಕಂಡ ಕೊರತೆಗಳನ್ನು ಚಿತ್ರದಲ್ಲಿ ತಿದ್ದಿಸಿದನು. ಹಿನ್ನೆಲೆಯಲ್ಲಿ ವಾಂಡೆಲಾರನು ಒಂದು ಖಡ್ಗಮೃಗವನ್ನೂ ಬರೆದನು. ೧೭೪೧ರಲ್ಲಿ ಬಂಗಾಳದಿಂದ ಹಾಲೆಂಡಿಗೆ ಹಡಗಿನಲ್ಲಿ ಹೋಗಿ, ಕ್ಲಾರಾ ಎಂಬ ಹೆಸರಿನಿಂದ ಯುರೋಪಿನಲ್ಲೆಲ್ಲ ಪ್ರಸಿದ್ಧವಾದ ಮೃಗ ಅದು. ಪುಟ್ಟ ಎಲುಬುಗೂಡಿನ ಹಿಂದೆ ದಪ್ಪ ಚರ್ಮದ ಆ ಮೃಗವು ಮೇಯುತ್ತ ನಿಂತಿರುವ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು. ಬೆಳಕುನೆರಳುಗಳ ಹೊಂದಿಕೆಗಾಗಿ ಇಂತಹ ಹಿನ್ನೆಲೆಯನ್ನು ಇಟ್ಟುದೆಂದು ಸಮಾಧಾನ ಹೇಳಿದ್ದುಂಟು. ಆದರೂ ಔಚಿತ್ಯದ ದೃಷ್ಟಿಯಿಂದ ಇದು ನಿಲ್ಲದು. ವೆಸೇಲಿಯಸ್ಸನಲ್ಲಿ ಬಯಲು ಸ್ನಾಯುವಿನ ಕ್ರಿಯೆಗೆ ರಂಗಭೂಮಿಯಾಗಿತ್ತು. ಇಲ್ಲಿ ಖಡ್ಗಮೃಗವು ಎಲುಬಿನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ವಿಲಿಯಂ ಹಂಟರನದು ಇದಕ್ಕೆ ವಿರುದ್ಧವಾದ ದಾರಿ. ಗರ್ಭಿಣಿಯ ಗರ್ಭಕೋಶವನ್ನು ಕುರಿತ ಅವನ ಗ್ರಂಥವು ಮೂವತ್ತನಾಲ್ಕು ಫಲಕಗಳೊಡನೆ ೧೭೭೪ರಲ್ಲಿ ಬಾಸ್ಕರ್ವಿಲ್ಲನ ಮುದ್ರಣಾಲಯದಿಂದ ಹೊರಬಂದಿತು. ಚಿತ್ರಗಳಲ್ಲಿ ಬಹುಭಾಗವನ್ನು ಬರೆದವನು ಯಾನ್ ವಾನ್ ರಿಮ್ಸ್‌ಡಿಕ್. ಕಂಡ ಒಂದು ವಸ್ತುವನ್ನೇ ಕಂಡಂತೆ ಬರೆಯುವುದು ಒಂದು ಕ್ರಮ, ಹಲವನ್ನು ನೋಡಿ ಮನಸ್ಸಿನಲ್ಲಿ ಕೂಡಿಸಿದುದನ್ನು ಬರೆಯುವುದು ಇನ್ನೊಂದು ಕ್ರಮವೆಂದು ಹಂಟರನು ಪೀಠಿಕೆಯಲ್ಲಿ ವಿಂಗಡಿಸಿ, ತಾನು ಮೊದಲನೆಯದನ್ನೇ ಹಿಡಿದನು. ಆದುದರಿಂದ ಅವನ ಫಲಕಗಳಲ್ಲಿ ಕಾಣುವುದು ಗರ್ಭಕೋಶವೆಂಬ ಸಾಮಾನ್ಯವಲ್ಲ, ಸತ್ತ ಒಬ್ಬ ಹೆಂಗಸಿನ ಗರ್ಭಕೋಶ. ಕತ್ತರಿಸಿದ ತೊಡೆಗಳನ್ನೂ ಮರೆಮಾಡಿಲ್ಲ. ಒದ್ದೆಯಾದ ಪೊರೆಯ ಮೇಲೆ ಹೊಳೆದ ಕಿಟಕಿಯ ಪ್ರತಿಬಿಂಬವನ್ನೂ ಬಿಟ್ಟಿಲ್ಲ. ಆ ಹೆಂಗಸು ಯಾರೆಂಬುದನ್ನು ಮಾತ್ರ ಗ್ರಂಥವು ಹೇಳುವುದಿಲ್ಲ.

ಈ ಎರಡರಲ್ಲಿ ಸ್ವಭಾವೋಕ್ತಿ ಯಾವುದು? ಹಂಟರನದೇ ಎಂದು ಥಟ್ಟನೆ ಹೇಳಬೇಕೆನಿಸುವುದು. ಆದರೆ ವಿದ್ಯಾರ್ಥಿಯು ಮುಂದೆ ಕಾಣಲಿರುವ ಶರೀರವು ಅದೇ ಶರೀರವಲ್ಲ. ವಿಶೇಷವೊಂದನ್ನೇ ಕಂಡವನಿಗೆ ಅದರಲ್ಲಿ ಯಾವುದು ಎಲ್ಲರಿಗೂ ಸಮಾನವಾದುದು, ಯಾವುದು ಆ ಒಬ್ಬಳದು ಎಂಬುದು ತಿಳಿಯದು. ಸಾಮಾನ್ಯವನ್ನೇ ಕಂಡವನಾದರೋ ವಿಶೇಷವು ಎದುರಾದಾಗ ಅದನ್ನು ದೋಷವೆಂದು ಭ್ರಮಿಸುವನು. ಕಾವ್ಯದಲ್ಲಿ ಶಕುಂತಲೆಯು ಶಕುಂತಲೆಯಾಗಿದ್ದುಕೊಂಡೇ ಸಾಧಾರಣೀಕರಣವನ್ನು ಹೊಂದುವಳು. ಶಾಸ್ತ್ರದಲ್ಲಿ ಆ ಸೌಲಭ್ಯವಿಲ್ಲ. ಚಿತ್ರಕಾರನು ಒಂದನ್ನು ಆರಿಸಲೇಬೇಕು, ಆರಿಸಿದೆನೆಂದು ಹೇಳಲೂ ಬೇಕು. ಹಂಟರನ ಶ್ರೇಷ್ಠತೆಯು ಅವನ ಆಯ್ಕೆಗಿಂತಲೂ, ಆಯ್ಕೆಯನ್ನು ಮುಚ್ಚಿಡದೆ ಪೀಠಿಕೆಯಲ್ಲಿ ಹೇಳಿದುದರಲ್ಲಿದೆ.

೪

ಇಷ್ಟರವರೆಗೆ ಹೇಳಿದ ಗ್ರಂಥಗಳು ಬೆಲೆಯಲ್ಲಿಯೂ ಗಾತ್ರದಲ್ಲಿಯೂ ಬಡ ವಿದ್ಯಾರ್ಥಿಗೆ ನಿಲುಕತಕ್ಕವಲ್ಲ. ಅವನ ಕೈಗೆ ಬಂದ ಗ್ರಂಥವೆಂದರೆ ಹೆನ್ರಿ ಗ್ರೇ ಎಂಬವನು ೧೮೫೮ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಶಾರೀರಗ್ರಂಥ. ಇಂದಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಿರುವ ಈ ಗ್ರಂಥವನ್ನು ಜನರು ಗ್ರೇಯ ಹೆಸರಿನಿಂದಲೇ ಬಲ್ಲರು. ಆದರೆ ಮೊದಲ ಆವೃತ್ತಿಯ ೩೬೩ ಚಿತ್ರಗಳು ಹೆನ್ರಿ ವಾಂಡೈಕ್ ಕಾರ್ಟರ್ ಎಂಬ ವೈದ್ಯನವು. ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಶವಚ್ಛೇದವನ್ನು ಇಬ್ಬರೂ ಕೂಡಿಯೇ ಮಾಡಿದರೆಂದು ಮುಖಪುಟವೇ ಹೇಳುವುದು.

ಕಾರ್ಟರನ ಚಿತ್ರಗಳಲ್ಲಿ ಬೆಡಗಿಲ್ಲ; ಬಯಲಿಲ್ಲ, ಮೃಗವಿಲ್ಲ, ಕಿಟಕಿಯ ಹೊಳಪಿಲ್ಲ. ಆದರೆ ಅವನು ಮಾಡಿದ ಒಂದು ಸಣ್ಣ ಕೆಲಸವು ಪಾಠಕ್ರಮವನ್ನೇ ಬದಲಾಯಿಸಿತು. ಅದುವರೆಗಿನ ಗ್ರಂಥಗಳಲ್ಲಿ ಅಂಗದ ಮೇಲೆ ಒಂದು ಅಕ್ಷರವನ್ನೋ ಅಂಕಿಯನ್ನೋ ಇಟ್ಟು, ಅದರ ಅರ್ಥವನ್ನು ಬೇರೆ ಕಡೆ ಪಟ್ಟಿಮಾಡಿಕೊಡುವುದು ವಾಡಿಕೆ. ಆಲ್ಬಿನಸ್ಸನಂತೂ ಚಿತ್ರದ ಅಂದವು ಕೆಡಬಾರದೆಂದು ಅಕ್ಷರಗಳಿಗಾಗಿಯೇ ಬರಿಯ ರೇಖೆಯ ಬೇರೆ ಫಲಕಗಳನ್ನು ಕೆತ್ತಿಸಿದ್ದನು. ಓದುವವನ ಕಣ್ಣು ಚಿತ್ರದಿಂದ ಪಟ್ಟಿಗೆ, ಪಟ್ಟಿಯಿಂದ ಚಿತ್ರಕ್ಕೆ ಅಲೆಯಬೇಕಾಗಿತ್ತು. ಕಾರ್ಟರನು ಹೆಸರನ್ನೇ ಅಂಗದ ಮೇಲೆ ಬರೆದನು. ಧಮನಿಯ ಹೆಸರು ಧಮನಿಯ ಉದ್ದಕ್ಕೂ ಹರಿಯಿತು. ಸ್ನಾಯುವಿನ ಹೆಸರು ಸ್ನಾಯುವಿನ ಎಳೆಗಳ ದಿಕ್ಕನ್ನೇ ಹಿಡಿಯಿತು. ವಾಗರ್ಥಗಳು ಬೇರೆಯಾಗಿರಲಾರವೆಂದು ನಾವು ಕಾವ್ಯವನ್ನು ಕುರಿತು ಹೇಳುವ ಮಾತನ್ನು ಈ ವೈದ್ಯನು ಮರದ ಹಲಗೆಯ ಮೇಲೆ ಸಾಧಿಸಿದನೆಂದರೆ ಅತಿಶಯೋಕ್ತಿಯಾಗಲಾರದು. ವಸ್ತುವನ್ನು ಕಾಣುವುದೂ ಅದರ ಹೆಸರನ್ನು ಕಲಿಯುವುದೂ ಒಂದೇ ನೋಟದ ಕಾರ್ಯವಾಯಿತು. ಕುಂತಕನ ಆಕ್ಷೇಪಕ್ಕೂ ಇಲ್ಲಿ ಒಂದು ಸಮಾಧಾನ ಸಿಕ್ಕುವುದು. ಶರೀರವನ್ನು ಶರೀರವಾಗಿಯೇ ಬಿಟ್ಟು, ನೋಡುವವನ ದಾರಿಯನ್ನು ಸುಗಮಮಾಡಿದುದೇ ಇಲ್ಲಿಯ ಅಲಂಕಾರ. ಅದು ವಸ್ತುವಿನ ಮೇಲೆ ಹೊರಿಸಿದ ಒಡವೆಯಲ್ಲ. ಬಿಡಬೇಕಾದುದನ್ನು ಬಿಟ್ಟ ವಿವೇಕ.

ಈ ವಿವೇಕಕ್ಕೆ ದೊರೆತ ಪ್ರತಿಫಲವು ಖೇದಕರವಾದುದು. ಗ್ರೇಯು ಸಾವಿರ ಪ್ರತಿಗಳಿಗೆ ನೂರೈವತ್ತು ಪೌಂಡಿನಂತೆ ಗೌರವಧನವನ್ನು ಪಡೆಯುವಂತೆ ಒಪ್ಪಂದವಾಯಿತು. ಕಾರ್ಟರನಿಗೆ ಒಂದೇ ಸಲ ನೂರೈವತ್ತು ಪೌಂಡು ಸಂದಿತು. ಉಳಿದುಬಂದಿರುವ ಮುಖಪುಟದ ಕರಡಚ್ಚಿನಲ್ಲಿ, ಕಾರ್ಟರನ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಬೇಕೆಂದೂ ಅವನಿಗೆ ಹೊಸದಾಗಿ ದೊರೆತ ಅಧ್ಯಾಪಕಪದವಿಯನ್ನು ತೆಗೆದುಹಾಕಬೇಕೆಂದೂ ಗ್ರೇಯು ತಿದ್ದಿರುವನು. ಆ ಪದವಿಯು ನಮ್ಮ ದೇಶದ್ದು. ಗ್ರಂಥವು ಹೊರಬರುವ ಹೊತ್ತಿಗೆ ಕಾರ್ಟರನು ಇಂಡಿಯನ್ ಮೆಡಿಕಲ್ ಸರ್ವೀಸನ್ನು ಸೇರಿ ಬೊಂಬಾಯಿಗೆ ಬಂದಿದ್ದನು. ಅಲ್ಲಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಶಾರೀರವನ್ನು ಬೋಧಿಸಿದನು. ಗ್ರೇಯು ೧೮೬೧ರಲ್ಲಿ ಸಿಡುಬಿನಿಂದ ಅಕಾಲದಲ್ಲಿ ತೀರಿಕೊಂಡನು. ಕಾರ್ಟರನು ದೀರ್ಘಕಾಲ ಇಲ್ಲಿಯೇ ದುಡಿದು, ಕುಷ್ಠ, ಮರುಕಳಿಸುವ ಜ್ವರ, ‘ಮಧುರೆಯ ಪಾದ’ವೆಂದು ಹೆಸರಾದ ಅಣಬೆರೋಗ, ಇವುಗಳನ್ನು ಕುರಿತು ಗ್ರಂಥಗಳನ್ನು ಬರೆದನು; ಅವುಗಳಲ್ಲಿಯೂ ಅವನ ಕುಂಚವು ಕೆಲಸಮಾಡಿತು. ೧೮೯೭ರಲ್ಲಿ ಅವನು ಗತಿಸಿದನು. ವೈದ್ಯಶಾಲೆಗಳಲ್ಲಿ ತಲೆಮಾರುಗಳ ಕಾಲ ಓದಿದ ವಿದ್ಯಾರ್ಥಿಗಳು ಅವನ ಕಣ್ಣಿನಿಂದ ಶರೀರವನ್ನು ಕಂಡರು. ಅವನ ಹೆಸರನ್ನು ಬಲ್ಲವರು ವಿರಳ.

೫

ಛಾಯಾಚಿತ್ರವೂ ಯಂತ್ರಗಳೂ ಬಂದಮೇಲೆ ಈ ಚರ್ಚೆಯೆಲ್ಲ ಹಳೆಯ ಮಾತಲ್ಲವೆ ಎಂದು ಕೆಲವರು ಕೇಳಬಹುದು. ಛಾಯಾಚಿತ್ರವು ರಕ್ತ, ಕೊಬ್ಬು, ನರ ಎಲ್ಲವನ್ನೂ ಒಂದೇ ಆದರದಿಂದ ಹಿಡಿಯುವುದು. ಯಾವುದು ಮುಖ್ಯವೆಂದು ಅದು ಹೇಳಲಾರದು. ಲೈಪ್ಜಿಗ್ಗಿನಿಂದ ಬಾಲ್ಟಿಮೋರಿಗೆ ಹೋದ ಮ್ಯಾಕ್ಸ್ ಬ್ರೋಡೆಲ್ಲನು ಛಾಯಾಚಿತ್ರವು ಬಳಕೆಯಲ್ಲಿದ್ದ ಕಾಲದಲ್ಲಿಯೇ, ೧೯೧೧ರಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಚಿತ್ರಕಲೆಗಾಗಿ ಒಂದು ವಿಭಾಗವನ್ನು ತೆರೆದನು. ಮೊದಲು ತಿಳಿ, ಆಮೇಲೆ ಬರೆ ಎಂಬುದು ಅವನ ಬೋಧನೆಯ ಸಾರ. ಅರಿವಿಲ್ಲದ ಪ್ರತಿಲೇಖನವು ಚಿತ್ರವಲ್ಲವೆಂಬ ನಮ್ಮ ಪಕ್ಷಕ್ಕೆ ಇದು ಬೆಂಬಲ.

ಆದರೆ ಅರಿವೊಂದೇ ಸಾಲದು. ವಿಯೆನ್ನಾದ ಎಡುವರ್ಡ್ ಪೆರ್ನ್‌ಕಾಫನ ಶಾರೀರಗ್ರಂಥದ ಮೊದಲ ಸಂಪುಟವು ೧೯೩೭ರಲ್ಲಿ ಪ್ರಕಟವಾಯಿತು. ನರಗಳ ಸೂಕ್ಷ್ಮವಾದ ಹಾದಿಗಳನ್ನು ಅದರಷ್ಟು ಸ್ಪಷ್ಟವಾಗಿ ತೋರಿಸಿದ ಗ್ರಂಥವು ಮತ್ತೊಂದಿಲ್ಲವೆಂದು ಶಸ್ತ್ರವೈದ್ಯರು ಹೇಳುವರು. ಪೆರ್ನ್‌ಕಾಫನು ನಾಜಿ ಪಕ್ಷದವನು. ಅವನ ಚಿತ್ರಕಾರರಲ್ಲಿ ಕೆಲವರು ತಮ್ಮ ಸಹಿಯಲ್ಲಿಯೇ ಆ ಪಕ್ಷದ ಚಿಹ್ನೆಯನ್ನು ಬರೆದರು. ಮುಂದಣ ಆವೃತ್ತಿಗಳಲ್ಲಿ ಆ ಚಿಹ್ನೆಗಳನ್ನು ಅಳಿಸಿ, ಚಿತ್ರಗಳನ್ನು ಹಾಗೆಯೇ ಮಾರಿದರು. ವಿಯೆನ್ನಾ ವಿಶ್ವವಿದ್ಯಾನಿಲಯವು ನಡೆಸಿ ೧೯೯೮ರಲ್ಲಿ ಮುಗಿಸಿದ ವಿಚಾರಣೆಯಿಂದ, ನಾಜಿ ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದವರ ಶವಗಳು ಕಡಮೆಯೆಂದರೆ ೧,೩೭೭ ಆ ಶಾರೀರಶಾಲೆಗೆ ಸಂದುವೆಂದು ಗೊತ್ತಾಯಿತು. ಈಗ ಆ ಫಲಕಗಳ ರೇಖೆಗಳನ್ನು ಸುಳ್ಳೆನ್ನುವಂತಿಲ್ಲ, ಸತ್ಯವೆಂದು ಸುಮ್ಮನಿರುವಂತೆಯೂ ಇಲ್ಲ. ಜೀವವನ್ನುಳಿಸಲು ಬೇಕಾದಾಗ ಅವನ್ನು ಬಳಸಬಹುದು, ಆದರೆ ಅವು ಎಲ್ಲಿಂದ ಬಂದುವೆಂಬುದನ್ನು ಮುಚ್ಚಿಡಬಾರದು ಎಂದು ಯೆಹೂದ್ಯ ಧರ್ಮಜ್ಞರೊಬ್ಬರು ಈಚೆಗೆ ಕೊಟ್ಟ ನಿರ್ಣಯವು ನನಗೆ ಯುಕ್ತವಾಗಿ ತೋರುತ್ತದೆ. ಅಳಿಸಿದ ಸಹಿಯೇ ಆ ಗ್ರಂಥದ ದೊಡ್ಡ ಪಾಠದೋಷ. ಗ್ರೇ ಮತ್ತು ಕಾರ್ಟರರ ಶವಗಳೂ ೧೮೩೨ರ ಶಾರೀರಕಾನೂನಿನ ಮೇರೆಗೆ ದೊರೆತ, ಕೇಳುವವರಿಲ್ಲದ ಬಡವರವು ಎಂಬುದನ್ನು ಇಲ್ಲಿ ಮರೆಯಬಾರದು. ಎರಡೂ ಒಂದೇ ತೂಕದ ಪಾಪಗಳಲ್ಲ. ಆದರೆ ಎರಡರಲ್ಲಿಯೂ ಮೂಲಪ್ರತಿಯಾದ ಮನುಷ್ಯನ ಹೆಸರು ಕಾಣೆಯಾಗಿದೆ.

ಕಡೆಯ ಒಂದು ಸಂಗತಿ. ಆಲ್ಬಿನಸ್ಸನ ಆದರ್ಶಪುರುಷನು ಇಂದಿಗೂ ನಮ್ಮ ಪಾಠಪುಸ್ತಕಗಳಲ್ಲಿ ವೇಷ ಮರೆಸಿಕೊಂಡು ಉಳಿದಿರುವನು. ಚರ್ಮರೋಗಗಳ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಮೈಯವು. ಕೆಂಪಾಗುವುದು, ನೀಲಿಗಟ್ಟುವುದು ಎಂದು ಅವು ಕಲಿಸುವ ಲಕ್ಷಣಗಳು ಕಪ್ಪು ಮತ್ತು ಕಂದು ಮೈಯಲ್ಲಿ ಬೇರೆ ರೀತಿಯಾಗಿ ತೋರುವುವು. ಆ ಚಿತ್ರಗಳನ್ನೇ ನಂಬಿದ ವೈದ್ಯನು ಎದುರಿಗಿರುವ ರೋಗಿಯ ಮೈಯನ್ನು ಓದಲಾರದೆ ಹೋಗಬಹುದು. ಈ ಕೊರತೆಯನ್ನು ನೀಗಲು ೨೦೨೦ರಲ್ಲಿ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿಯು ತನ್ನ ಅಧ್ಯಾಪಕರಿಬ್ಬರೊಡನೆ ಸೇರಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿದನು. ಅದು ಹೊರಬಂದುದು, ಕಾರ್ಟರನು ಕುಳಿತು ಚಿತ್ರ ಬರೆದ ಆ ಸೇಂಟ್ ಜಾರ್ಜ್ ವೈದ್ಯಶಾಲೆಯಿಂದಲೇ. ಕಂದು ಮೈಯ ನಾಡಾದ ನಮಗೆ ಇದು ದೂರದ ಸುದ್ದಿಯಲ್ಲ.

ಹೀಗಿರುವುದರಿಂದ ಶಾರೀರಚಿತ್ರವನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆಗಳು ಹಳೆಯ ಹಸ್ತಪ್ರತಿಯೊಂದನ್ನು ಕೈಗೆತ್ತಿಕೊಂಡಾಗ ಕೇಳುವ ಪ್ರಶ್ನೆಗಳೇ ಆಗಿವೆ: ಇದರ ಮೂಲ ಯಾವುದು? ಬರೆದವನು ಯಾರು? ಏನನ್ನು ಬಿಟ್ಟನು, ಏನನ್ನು ಸೇರಿಸಿದನು? ಯಾರ ಹೆಸರನ್ನು ಅಳಿಸಿದರು? ಇವನ್ನು ಕೇಳುವ ಅಭ್ಯಾಸವು ಸಾಹಿತ್ಯವನ್ನು ಬೋಧಿಸುವವರಲ್ಲಿ ಚೆನ್ನಾಗಿ ಬೆಳೆದಿದೆ. ವಿಜ್ಞಾನವನ್ನು ಬೋಧಿಸುವವರಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಕನ್ನಡದಲ್ಲಿ ಶಾಸ್ತ್ರಗ್ರಂಥಗಳನ್ನು ರಚಿಸುವವರು ಪದಗಳ ಅನುವಾದಕ್ಕಾಗಿ ಪಡುವಷ್ಟೇ ಶ್ರಮವನ್ನು ಚಿತ್ರಗಳ ಆಯ್ಕೆಗಾಗಿಯೂ ಪಟ್ಟು, ಚಿತ್ರಕಾರನ ಹೆಸರನ್ನು ಗ್ರಂಥಕರ್ತನ ಹೆಸರಿನೊಡನೆ ಅದೇ ಅಳತೆಯ ಅಕ್ಷರದಲ್ಲಿ ಅಚ್ಚುಮಾಡಿಸಿದರೆ, ಕಾರ್ಟರನಿಗೆ ಸಲ್ಲದೆ ಹೋದ ನ್ಯಾಯವು ಮುಂದಿನವರಿಗಾದರೂ ಸಲ್ಲುವುದು.